ಸತ್ಯಾಂಶ: ಬೆನ್ನು ಕ್ಷುದ್ರಗ್ರಹದಲ್ಲಿ ಸಮುದ್ರ ಸಿಕ್ಕಿಲ್ಲ

"ಬೆನ್ನು ಕ್ಷುದ್ರಗ್ರಹದಲ್ಲಿ ನಾಸಾಗೆ ಸಮುದ್ರದಷ್ಟು ನೀರು ಸಿಕ್ಕಿದೆ, ಭೂಮಿಗೆ ತರ್ತಾರಂತೆ" ಎಂಬಂಥ ವಾಟ್ಸಾಪ್ ಮೆಸೇಜು ನಿಜವಲ್ಲ. ಬೆನ್ನುವಿನ ಅಗಲವೇ ಸುಮಾರು 500 ಮೀಟರ್. ಸಮುದ್ರ ಎಲ್ಲಿ ಹಿಡಿಸಬೇಕು? ಗಾಳಿಯೇ ಇಲ್ಲದ ಆ ನೆಲದ ಮೇಲೆ ನೀರು ನಿಲ್ಲುವುದೂ ಇಲ್ಲ.

2018ರ ಡಿಸೆಂಬರ್‌ನಲ್ಲಿ ನಾಸಾದ ಒಸೈರಿಸ್-ರೆಕ್ಸ್ ನೌಕೆ ಬೆನ್ನುವಿನಲ್ಲಿ ಪತ್ತೆ ಮಾಡಿದ್ದು ಜೇಡಿಮಣ್ಣಿನಂಥ ಖನಿಜ. ಅದರೊಳಗೆ ಆಮ್ಲಜನಕ, ಹೈಡ್ರೋಜನ್ ಜೋಡಿಯಾಗಿ ಅಂಟಿಕೊಂಡಿರುತ್ತವೆ. ಹಿಂಡಿದರೆ ಒಂದು ಹನಿಯೂ ಬರುವುದಿಲ್ಲ. ನೀರು ಬೇಕೆಂದರೆ ನೂರಾರು ಡಿಗ್ರಿ ಕಾಯಿಸಬೇಕು.

ಗೊತ್ತಾಗಿದ್ದು ಹೇಗೆ? ಆ ಜೋಡಿ ಸುಮಾರು 2.7 ಮೈಕ್ರಾನ್ ತರಂಗಾಂತರದ ಇನ್‌ಫ್ರಾರೆಡ್ ಬೆಳಕನ್ನು ನುಂಗುತ್ತದೆ. ಕಲ್ಲಿನಿಂದ ಮರಳಿದ ಬಿಸಿಲನ್ನು ತರಂಗಾಂತರಗಳಾಗಿ ಬಿಡಿಸಿ ನೋಡಿದರೆ ಅಲ್ಲೊಂದು ತಗ್ಗು, ಅಂದರೆ ಬೆಳಕು ಕಡಿಮೆಯಾದ ಜಾಗ, ಕಾಣುತ್ತದೆ. ಭೂಮಿಯಿಂದ ನೋಡುವುದು ಮಾತ್ರ ಫಜೀತಿ. ನಮ್ಮದೇ ಗಾಳಿಯ ನೀರಾವಿ ಆ ಬೆಳಕನ್ನು ತಡೆಯುತ್ತದೆ. ಹವಾಯಿಯ ಮೌನಾ ಕಿಯಾ ಬೆಟ್ಟದ ಮೇಲೆ, ಸುಮಾರು 4,200 ಮೀಟರ್ ಎತ್ತರದಲ್ಲಿರುವ ನಾಸಾ ದೂರದರ್ಶಕಕ್ಕೂ ತಗ್ಗಿನ ಅಂಚಷ್ಟೇ ಸರಿಯಾಗಿ ಸಿಗುತ್ತದೆ. ಜೊತೆಗೆ, ಬಿಸಿಲಿಗೆ ಕಾದ ಕಲ್ಲು ತಾನೂ ಇನ್‌ಫ್ರಾರೆಡ್ ಸೂಸುತ್ತದೆ. ಅದನ್ನು ಲೆಕ್ಕ ಹಾಕಿ ಕಳೆಯಬೇಕು.

ತಗ್ಗು ಕಂಡ ತಕ್ಷಣ ಖನಿಜವೇ ಅಂತ ಹೇಳುವಂತೆಯೂ ಇಲ್ಲ. ಒಣ ಕಲ್ಲು ಎಂದುಕೊಂಡಿದ್ದ ಈರೋಸ್ ಎಂಬ ಇನ್ನೊಂದು ಕ್ಷುದ್ರಗ್ರಹದಲ್ಲೂ ಅದು ಕಂಡಿದೆ. ಸೂರ್ಯನಿಂದ ಬೀಸಿಬರುವ ಹೈಡ್ರೋಜನ್ ಕಲ್ಲಿನ ಆಮ್ಲಜನಕಕ್ಕೆ ಅಂಟಿಯೂ ಹೀಗಾಗಬಹುದು.

ಬೆನ್ನುವಿನ ವಿಷಯದಲ್ಲಿ ಅನುಮಾನ ಉಳಿದಿಲ್ಲ. ಅದೇ ನೌಕೆ ಅಲ್ಲಿಂದ ತಂದು, 2023ರ ಸೆಪ್ಟೆಂಬರ್ 24ರಂದು ಅಮೆರಿಕದ ಯೂಟಾದಲ್ಲಿ ಇಳಿಸಿದ 121.6 ಗ್ರಾಂ ಮಾದರಿಯಲ್ಲಿ ಆ ಜೇಡಿ ಖನಿಜ ಇತ್ತು. ಉಪ್ಪುನೀರು ಆರಿದಾಗ ಉಳಿಯುವ ಲವಣಗಳೂ ಸಿಕ್ಕವು. ಆ ನೀರು ಇದ್ದದ್ದು ಬೆನ್ನು ಸಿಡಿದು ಬಂದ ದೊಡ್ಡ ಕಾಯದಲ್ಲಿ, ಅದೂ ಕೋಟ್ಯಂತರ ವರ್ಷಗಳ ಹಿಂದೆ.