ಬಾಗಿಲ ಮುಂದಿನ ನೀಲಿ ಡ್ರಮ್ಮು

ತಂಗಿ ಕುಬುಸಕ್ಕೆ ಅಂತ ಮಾನ್ವಿಗೆ ಬಂದಿದ್ದಳು. ಏಳು ತಿಂಗಳು. ಕುಬುಸ ಆಗಿ ವಾರಕ್ಕೆ ಮೈ ಸುಡುವ ಜ್ವರ, ಕಣ್ಣಿನ ಹಿಂದೆ ನೋವು. "ಹಸಿರು ಸೀರೆ ಉಟ್ಟು ಎಲ್ಲರ ಮುಂದೆ ಕೂತಳಲ್ಲ, ದೃಷ್ಟಿ ಆಗಿದೆ" ಅಂತ ಅವ್ವ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಪ್ಪ ಮೆಡಿಕಲ್ ಶಾಪಿನಿಂದ ಯಾವುದೋ ನೋವಿನ ಗುಳಿಗೆ ತಂದರು.

ಪುಣ್ಯಕ್ಕೆ ಅದೇ ಹೊತ್ತಿಗೆ ಆಶಾ ಅಕ್ಕ ಬಂದರು. ಗುಳಿಗೆ ನೋಡಿದ್ದೇ ಬೈದರು. ಡೆಂಗಿ ಇದ್ದು ಬ್ರೂಫೆನ್ ಥರದ್ದು ನುಂಗಿದರೆ ರಕ್ತಸ್ರಾವದ ಭಯ, ಪ್ಯಾರಾಸಿಟಮಾಲ್ ಕೊಟ್ಟು ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದರು. ಹೊರಡುವಾಗ ಬಾಗಿಲ ಮುಂದಿನ ಡ್ರಮ್ಮಿಗೆ ಮೊಬೈಲ್ ಟಾರ್ಚ್ ಬಿಟ್ಟರು. ಬೆಳಕು ಬಿದ್ದ ಕೂಡಲೇ ಸೊಳ್ಳೆ ಮರಿಗಳು ಬಳುಕುತ್ತಾ ತಳಕ್ಕೆ ಇಳಿದವು. ಅದೇ ನೀರಲ್ಲಿ ನಾವು ದಿನಾ ಪಾತ್ರೆ ತೊಳೀತಿದ್ವಿ.

ಡೆಂಗಿ ಅಂತಲೇ ಬಂತು. ಆರು ದಿನ ಅಡ್ಮಿಟ್. ಬಸುರಿಗೆ ಡೆಂಗಿ ಬಂದರೆ ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಹೆರಿಗೆ ಹತ್ತಿರ ಇರುವಾಗ ಬಂದರೆ ಹುಟ್ಟುವ ಕೂಸಿಗೂ ಅಂಟಬಹುದು. ಆ ಆರು ದಿನ ಅವ್ವ ಸರಿಯಾಗಿ ಊಟ ಮಾಡಲಿಲ್ಲ.

ನಮ್ಮ ಜಿಲ್ಲೆಗೆ ಇದೇನು ಹೊಸದಾ? 2022ರ ಡಿಸೆಂಬರ್‌ನಲ್ಲಿ ರಾಜ್ಯದ ಮೊದಲ ಝೀಕಾ ಪ್ರಕರಣ ಸಿಕ್ಕಿದ್ದು ಇಲ್ಲೇ, ರಾಯಚೂರು ಜಿಲ್ಲೆಯಲ್ಲಿ, 5 ವರ್ಷದ ಮಗುವಿನಲ್ಲಿ. ಒಂದು ವಾರ ಟಿವಿ, ಒಂದು ವಾರ ಹೊಗೆ, ಆಮೇಲೆ ಎಲ್ಲರೂ ಮರೆತೆವು. ಝೀಕಾ ಹರಡೋದೂ ಡೆಂಗಿಯ ಸೊಳ್ಳೆಯೇ. ತಾಯಿಗೆ ಸಣ್ಣ ಜ್ವರ, ಒಂದಿಷ್ಟು ದದ್ದು, ಎಷ್ಟೋ ಸಲ ಅದೂ ಇರಲ್ಲ. ಹೊಟ್ಟೆಯೊಳಗಿನ ಕೂಸಿನ ಮೆದುಳು ಮಾತ್ರ ಸರಿಯಾಗಿ ಬೆಳೆಯದೆ ತಲೆ ಚಿಕ್ಕದಾಗಿ ಹುಟ್ಟಬಹುದು. 2015ರಲ್ಲಿ ಬ್ರೆಜಿಲ್‌ನವರು ಕಂಡಿದ್ದು ಇದನ್ನೇ. ಈ ಸೊಳ್ಳೆ ಕಚ್ಚೋದು ಹಗಲು, ಬರೀ ರಾತ್ರಿ ಪರದೆ ಕಟ್ಟಿದರೆ ಸಾಲದು.

ಗ್ರಹಣದ ದಿನ ಬಸುರಿಯನ್ನು ಹೊಸ್ತಿಲು ದಾಟಿಸಲ್ಲ, ಈಳಿಗೆ ಮುಟ್ಟಿಸಲ್ಲ. ಲಸಿಕೆ ಅಂದರೆ ಮಾತ್ರ ನಮಗೆ ಅನುಮಾನ. 2017ರಲ್ಲಿ ಶಾಲೆಗಳಲ್ಲಿ ದಡಾರ–ರುಬೆಲ್ಲಾ ಲಸಿಕೆ ಹಾಕುವಾಗ ವಾಟ್ಸಾಪ್ ಸುದ್ದಿ ನಂಬಿ ನಮ್ಮ ಓಣಿಯ ಕೆಲವರು ಮಕ್ಕಳನ್ನು ಮನೆಯಲ್ಲೇ ಕೂರಿಸಿದ್ದರು. ಆ ಹುಡುಗಿಯರು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಮೊದಲ ಮೂರು ತಿಂಗಳಲ್ಲಿ ರುಬೆಲ್ಲಾ ತಗುಲಿದರೆ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ ಬರಬಹುದು. ಬಸುರಿಯಾದ ಮೇಲೆ ಈ ಲಸಿಕೆ ಹಾಕಲ್ಲ. ಹಾಕಿಸಿಕೊಂಡ ಮೇಲೂ ಒಂದು ತಿಂಗಳು ತಡೀಬೇಕು. ಮದುವೆಗೆ ಬಂಗಾರ ಎಷ್ಟು ಅಂತ ಕೇಳುವವರು ಇದನ್ನೂ ಒಂದು ಮಾತು ಕೇಳಬಾರದಾ?

ಡ್ರಮ್ಮು ಬಿಡಿ ಅಂತ ನಾನು ಹೇಳಲ್ಲ. ನಮ್ಮಲ್ಲಿ ನಳ ದಿನಾ ಬರಲ್ಲ, ತುಂಬಿಡದೆ ಗತಿಯಿಲ್ಲ. ಈಗ ಶುಕ್ರವಾರಕ್ಕೊಮ್ಮೆ ಬರಿದು ಮಾಡಿ, ಒಳಗೆಲ್ಲ ತಿಕ್ಕಿ ತೊಳೀತೇವೆ. ಅವ್ವ ಬಾಯಿಗೆ ಹಳೇ ಸೀರೆ ಬಿಗಿದು ಕಟ್ಟಿದ್ದಾಳೆ. ಅದರ ಮೇಲೊಂದು ನಿಂಬೆಹಣ್ಣು ಇಟ್ಟಿದ್ದಾಳೆ. ಇರಲಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ.