ಜಾಸ್ತಿ ದೂರ ಎಸೆಯಬೇಡಿ, ಪ್ಲೀಸ್

1984ರ ಜುಲೈ 20ರಂದು ಪೂರ್ವ ಬರ್ಲಿನ್‌ನಲ್ಲಿ ಊವೆ ಹೋನ್ ಭರ್ಜಿ ಎಸೆದರು. ಅದು 104.80 ಮೀಟರ್ ಆಚೆ ಹೋಗಿ ಬಿತ್ತು. ನೂರು ಮೀಟರ್ ದಾಟಿ ಭರ್ಜಿ ಎಸೆದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಆಮೇಲೂ ಯಾರೂ ಬರಲಿಲ್ಲ. ಬರಲಿಲ್ಲ ಅನ್ನುವುದಕ್ಕಿಂತ ಬರಲು ಬಿಡಲಿಲ್ಲ ಅನ್ನುವುದೇ ಸರಿ.

ಯಾಕೆಂದರೆ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯ ಹಿರಿಯರಿಗೆ ಚಿಂತೆ ಹತ್ತಿತು. ಜನ ಹೀಗೇ ಎಸೆಯುತ್ತಾ ಹೋದರೆ ಭರ್ಜಿ ಮೈದಾನ ದಾಟಿ ಓಟದ ಟ್ರ್ಯಾಕಿಗೆ ಬೀಳುತ್ತದೆ, ಅಲ್ಲಿಂದ ಪ್ರೇಕ್ಷಕರ ಕಡೆಗೂ ಹೋಗಬಹುದು. ಸಮಸ್ಯೆ ನಿಜವೇ. ತನ್ನ ಪಾಡಿಗೆ ಓಡುತ್ತಿರುವವನ ಬೆನ್ನಿಗೆ ಎಂಟುನೂರು ಗ್ರಾಂ ತೂಕದ ಭರ್ಜಿ ಬಂದು ನಾಟಿದರೆ ಅದನ್ನು ಕ್ರೀಡಾ ಮನೋಭಾವದಿಂದ ಸ್ವೀಕರಿಸು ಅನ್ನಲಾಗುವುದಿಲ್ಲ. ಇನ್ನೊಂದು ತಕರಾರೂ ಇತ್ತು. ಆ ಕಾಲದ ಭರ್ಜಿ ಗಾಳಿಯಲ್ಲಿ ತೇಲಿಕೊಂಡು ಹೋಗಿ ಮಟ್ಟಸವಾಗಿ ಮಲಗಿಬಿಡುತ್ತಿತ್ತು. ಮೊದಲು ನೆಲ ಮುಟ್ಟಿದ್ದು ಮೂತಿಯೋ ಹೊಟ್ಟೆಯೋ ಎಂದು ತೀರ್ಪುಗಾರರು ಜಗಳ ಬಿಡಿಸಬೇಕಾಗುತ್ತಿತ್ತು.

ಮೈದಾನ ದೊಡ್ಡದು ಮಾಡಬಹುದಿತ್ತು. ಭರ್ಜಿ ಎಸೆತವನ್ನೇ ಊರಾಚೆಯ ಬಯಲಿಗೆ ಕಳಿಸಬಹುದಿತ್ತು. ಹಿರಿಯರು ಕಂಡುಕೊಂಡ ಪರಿಹಾರ ಬೇರೆ. ಭರ್ಜಿಯ ಭಾರಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಳ್ಳಿದರು. ಈಗ ಅದು ಹಾರುತ್ತಾ ಹಾರುತ್ತಾ ಬೇಗನೆ ಮೂತಿ ಬಗ್ಗಿಸುತ್ತದೆ, ನೆಲಕ್ಕೆ ಚುಚ್ಚಿಕೊಳ್ಳುತ್ತದೆ. ದೂರ ಸುಮಾರು ಹತ್ತನೇ ಒಂದು ಭಾಗ ಕಡಿಮೆ ಆಯಿತು. ನಿಯಮ ಜಾರಿಗೆ ಬಂದದ್ದು 1986ರಲ್ಲಿ. ತಿಂಗಳು ಏಪ್ರಿಲ್, ತಾರೀಖು ಒಂದು. ಇದನ್ನು ನಾನು ಹುಟ್ಟಿಸಿ ಹೇಳುತ್ತಿಲ್ಲ. ಹೆಂಗಸರ ಭರ್ಜಿಗೂ ಇದೇ ಚಿಕಿತ್ಸೆ ಆಯಿತು, 1999ರಲ್ಲಿ. ಅದೂ ಏಪ್ರಿಲ್ ಒಂದರಂದೇ!

ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಸಾಮಾನು ಕೆಡಿಸಿ ಕೊಡುವ ಈ ಪದ್ಧತಿ ನೋಡಿ. ಹುಡುಗಿ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದಳೆಂದು ಮುಂದಿನ ವರ್ಷ ಎಲ್ಲ ಮಕ್ಕಳಿಗೂ ನಿಬ್ಬು ಬಗ್ಗಿಸಿದ ಪೆನ್ನು ಹಂಚಿದ ಹಾಗಾಯಿತು.

ಹೋನ್ ದಾಖಲೆ ಏನಾಯಿತು ಅಂತೀರಾ? ಅದನ್ನು ಗೌರವದಿಂದ ಎತ್ತಿಟ್ಟು ಬಾಗಿಲು ಹಾಕಿದರು. ಹೊಸ ಭರ್ಜಿಗೆ ಹೊಸ ಲೆಕ್ಕ ಶುರು. ಇದೇ ಹೋನ್ ಮುಂದೆ ಕೆಲಕಾಲ ನೀರಜ್ ಚೋಪ್ರಾಗೆ ಕೋಚ್ ಆಗಿದ್ದರು. ಒಲಿಂಪಿಕ್ ಚಿನ್ನ ಗೆದ್ದ ನೀರಜ್ 90 ಮೀಟರ್ ದಾಟಲು 2025ರವರೆಗೆ ಕಾಯಬೇಕಾಯಿತು. ಆಗಲೂ ಬಂದದ್ದು 90.23. ಅವರ ಕೈಗೆ ಹಳೇ ಭರ್ಜಿ ಕೊಟ್ಟಿದ್ದರೆ ಏನಾಗುತ್ತಿತ್ತು? ಸುಮ್ನೆ ಕೇಳಿದೆ.

ನಿಯಮ ಇದ್ದ ಕಡೆ ಸಂದು ಹುಡುಕುವವರೂ ಇರುತ್ತಾರೆ. ಹಂಗೇರಿಯ ಮಿಕ್ಲೋಷ್ ನೇಮೆತ್ 1976ರ ಒಲಿಂಪಿಕ್ ಚಾಂಪಿಯನ್. ಆಮೇಲೆ ಭರ್ಜಿ ತಯಾರಿಕೆಗೆ ಇಳಿದರು. ಅವರು ಮಾಡಿದ್ದು ಇಷ್ಟೇ: ಭರ್ಜಿಯ ಬಾಲವನ್ನು ಒರಟಾಗಿಸಿದರು. ನುಣುಪು ಬಾಲದ ಮೇಲೆ ಗಾಳಿ ಹರಿಯುವುದೇ ಬೇರೆ, ಒರಟು ಬಾಲದ ಮೇಲೆ ಹರಿಯುವುದೇ ಬೇರೆ. ಹಿರಿಯರು ಕಿತ್ತುಕೊಂಡಿದ್ದ ಮೀಟರುಗಳಲ್ಲಿ ಕೆಲವು ವಾಪಸ್ ಬಂದವು. 1991ರ ಜೂನ್‌ನಲ್ಲಿ ಫಿನ್ಲೆಂಡಿನ ಸೆಪ್ಪೊ ರೇಟಿ 96.96 ಮೀಟರ್ ಎಸೆದರು. ವಿಶ್ವದಾಖಲೆ!

ಆಗಸ್ಟ್‌ನಲ್ಲಿ ಒರಟು ಬಾಲ ನಿಷೇಧವಾಯಿತು. ಅದರಿಂದ ಆಗಲೇ ಎಸೆದ ದಾಖಲೆಗಳೂ ರದ್ದು. ವಿಶ್ವದಾಖಲೆ ಹಿಂದಕ್ಕೆ ನಡೆದು 89.58 ಮೀಟರಿಗೆ ಬಂದು ನಿಂತಿತು. ಒಂದು ಸಹಿಯಲ್ಲಿ 7.38 ಮೀಟರ್ ಮಾಯ. ಈ ಸಂಸ್ಥೆಯ ಅಳತೆಯ ಶಿಸ್ತು ಹೇಗಿದೆ ಗೊತ್ತಾ? ಎಸೆತದಲ್ಲಿ ಅರ್ಧ ಸೆಂಟಿಮೀಟರ್ ಹೆಚ್ಚಿಗೆ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೆಳಗಿನ ಪೂರ್ಣ ಸೆಂಟಿಮೀಟರಿಗೇ ಇಳಿಸಿ ಬರೆಯುತ್ತಾರೆ. ಅರ್ಧ ಸೆಂಟಿಮೀಟರ್ ಸುಳ್ಳು ಹೇಳಲು ಮನಸ್ಸಾಗದವರಿಗೆ ಏಳು ಮೀಟರ್ ಅಳಿಸಲು ಕೈ ನಡುಗಲಿಲ್ಲ.

ಅಷ್ಟೆಲ್ಲ ಮಾಡಿದರೂ 1996ರಲ್ಲಿ ಯಾನ್ ಜೆಲೆಜ್ನಿ ಹೊಸ ಭರ್ಜಿಯನ್ನೇ 98.48 ಮೀಟರ್ ಎಸೆದುಬಿಟ್ಟರು. ಹಿರಿಯರಿಗೆ ಆ ವರ್ಷ ನಿದ್ದೆ ಬಂದಿರಲಿಕ್ಕಿಲ್ಲ. ಪುಣ್ಯಕ್ಕೆ ಆಮೇಲೆ ಯಾರೂ ಅಷ್ಟು ದೂರ ಹೋಗಿಲ್ಲ.

ನಿಜ ಹೇಳಬೇಕೆಂದರೆ ಅಪರಾಧಿ ಭರ್ಜಿ ಅಲ್ಲವೇ ಅಲ್ಲ, ನಮ್ಮ ಭುಜ. ಚಿಂಪಾಂಜಿಗೆ ನಮಗಿಂತ ಬಲ ಜಾಸ್ತಿ. ಆದರೂ ಅದು ಎಸೆಯುವ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್. ಬೇಸ್‌ಬಾಲ್ ಆಡುವ ಹನ್ನೆರಡು ವರ್ಷದ ಹುಡುಗ ಅದರ ಮೂರು ಪಟ್ಟು ವೇಗದಲ್ಲಿ ಎಸೆಯುತ್ತಾನೆ. 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ ಇದರ ಗುಟ್ಟು ಬಿಡಿಸಿತು. ನಾವು ಕೈಯನ್ನು ಹಿಂದಕ್ಕೆ ಒಯ್ದಾಗ ಭುಜದ ಸುತ್ತಲಿನ ಸ್ನಾಯುರಜ್ಜುಗಳು ಹಿಗ್ಗಿ ಶಕ್ತಿ ಕೂಡಿಟ್ಟುಕೊಳ್ಳುತ್ತವೆ. ಬಿಟ್ಟಾಗ ಅಷ್ಟೂ ಒಮ್ಮೆಗೇ ಹೊರಬರುತ್ತದೆ. ಇದಕ್ಕೆ ಬೇಕಾದ ಮೈಕಟ್ಟು ಒಟ್ಟಾಗಿ ಸಿದ್ಧವಾದದ್ದು ಸುಮಾರು 20 ಲಕ್ಷ ವರ್ಷದ ಹಿಂದೆ. ಬೇಟೆಗೆ ಅನುಕೂಲವಾಗಿರಬೇಕು ಅನ್ನುವುದು ಸಂಶೋಧಕರ ಊಹೆ. ಆಗ ಮೈದಾನದ ಅಳತೆ ತಿಳಿಸುವವರು ಯಾರೂ ಇರಲಿಲ್ಲ, ಹಾಗಾಗಿ ಭುಜ ಬೆಳೆದುಬಿಟ್ಟಿತು.

ಆದರೆ ಈ ಭುಜಕ್ಕೂ ಇಷ್ಟಾನಿಷ್ಟ ಇದೆ. ತೀರಾ ಹಗುರದ್ದು ಕೊಟ್ಟರೆ ಗಾಳಿ ತಡೆಯುತ್ತದೆ. ಪಿಂಗ್‌ಪಾಂಗ್ ಚೆಂಡನ್ನು ಎಷ್ಟು ಸಿಟ್ಟಿನಿಂದ ಎಸೆದರೂ ಅದು ನಾಲ್ಕು ಹೆಜ್ಜೆ ಹೋಗಿ ಯಾಕೆ ಬಂದೆ ಎಂಬಂತೆ ನಿಧಾನವಾಗುತ್ತದೆ. ತೀರಾ ಭಾರದ್ದು ಕೊಟ್ಟರೆ ಕೈಗೇ ವೇಗ ಬರುವುದಿಲ್ಲ. ಗುಂಡು ಎಸೆತದ 7.26 ಕಿಲೋ ಗುಂಡನ್ನು ರಯಾನ್ ಕ್ರೌಸರ್ 2023ರಲ್ಲಿ 23.56 ಮೀಟರ್ ಎಸೆದದ್ದು ವಿಶ್ವದಾಖಲೆ. ಹಿಡಿಯಲ್ಲಿ ಕೂರುವ, ಒಂದಿಷ್ಟು ತೂಕವಿರುವ ವಸ್ತುವೇ ಕೈಗೆ ಪ್ರೀತಿ. ಅದಕ್ಕೇ ಗ್ಲೆನ್ ಗೋರ್ಬಸ್ 1957ರಲ್ಲಿ ಬೇಸ್‌ಬಾಲ್ ಚೆಂಡನ್ನು 135.88 ಮೀಟರ್ ಎಸೆಯಲು ಸಾಧ್ಯವಾಯಿತು. 45 ಡಿಗ್ರಿಯಲ್ಲಿ ಎಸೆದರೆ ಅತಿ ದೂರ ಎಂದು ಶಾಲೆಯಲ್ಲಿ ಕಲಿಸಿದ್ದರಲ್ವಾ? ಅದು ಗಾಳಿ ಇಲ್ಲದ ಲೋಕದ, ನೆಲಮಟ್ಟದಿಂದ ಎಸೆಯುವ, ಮೈ ಇಲ್ಲದ ಮನುಷ್ಯನ ಲೆಕ್ಕ. ಮೈ ಇರುವ ಗುಂಡು ಎಸೆತಗಾರರು ಅದಕ್ಕಿಂತ ಸಾಕಷ್ಟು ಕೆಳಗಿನ ಕೋನದಲ್ಲೇ ಎಸೆಯುತ್ತಾರೆ.

ಈಗ ಮೊಬೈಲಿಗೆ ಬನ್ನಿ. ನೋಕಿಯಾ ಹುಟ್ಟಿದ ಫಿನ್ಲೆಂಡಿನ ಸಾವೊನ್‌ಲಿನ್ನಾದಲ್ಲಿ 2000ನೇ ಇಸವಿಯಿಂದ ಮೊಬೈಲ್ ಎಸೆತದ ವಿಶ್ವ ಚಾಂಪಿಯನ್‌ಷಿಪ್ ಶುರುವಾಯಿತು. 2014ರಲ್ಲಿ ಬೆಲ್ಜಿಯಂನ ಡ್ರೀಸ್ ಫೆರೆಮಾನ್ಸ್ ಫೋನನ್ನು 110.42 ಮೀಟರ್ ಎಸೆದರು. ಅಂದರೆ ಫೋನು ಭರ್ಜಿಯ ಎರಡೂ ದಾಖಲೆ ದಾಟಿ ಹೋಗಿದೆ. ಒಂದು ವಸ್ತು ಸಾವಿರಾರು ವರ್ಷದಿಂದ ಎಸೆಯುವುದಕ್ಕಾಗಿಯೇ ರೂಪ ಪಡೆದದ್ದು. ಇನ್ನೊಂದು ಕಿವಿಗೆ ಹಿಡಿದು ಹಲೋ ಅನ್ನುವುದಕ್ಕೆ ಮಾಡಿದ್ದು. ನಿಯಮ ಹೆಚ್ಚಾದರೆ ಎರಡನೆಯದೇ ದೂರ ಹೋಗುತ್ತದೆ. ಫೋನಿನ ಭಾರಕೇಂದ್ರ ಬದಲಿಸುವ ಪ್ರಸ್ತಾಪ ಇನ್ನೂ ಯಾರೂ ಮಂಡಿಸಿಲ್ಲ. ಮಂಡಿಸದಿರಲಿ.

ಬೂಮರಾಂಗ್ ಕಥೆ ಇನ್ನೂ ಚೆಂದ. ಎಸೆದವನ ಕೈಗೇ ವಾಪಸ್ ಬರುತ್ತದೆ ಎಂಬುದೇ ಅದರ ಹೆಸರುವಾಸಿ. 2005ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಶಮ್ಮಿ ಒಂದು ಬೂಮರಾಂಗನ್ನು 427.2 ಮೀಟರ್ ಎಸೆದು ದಾಖಲೆ ಮಾಡಿದರು. ಅದು ವಾಪಸ್ ಬರಲಿಲ್ಲ. ಬರಬಾರದು ಎಂದೇ ಎಸೆದದ್ದು. ತನ್ನ ಕೆಲಸ ಮಾಡದಿದ್ದುದಕ್ಕೇ ದಾಖಲೆ ಪುಸ್ತಕ ಸೇರಿದ ವಸ್ತು ಇದು.

ಇಷ್ಟೆಲ್ಲ ಕಟ್ಟುನಿಟ್ಟು ಮಾಡುವವರು ಗಾಳಿಯನ್ನು ಮಾತ್ರ ಮರೆತುಬಿಟ್ಟಿದ್ದಾರೆ. 200 ಮೀಟರ್‌ವರೆಗಿನ ಓಟದಲ್ಲಿ, ಉದ್ದಜಿಗಿತದಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆ ಇಲ್ಲ. ಎಸೆತಕ್ಕೆ ಅಂಥ ಮಿತಿಯೇ ಇಲ್ಲ. ಡಿಸ್ಕಸ್ಸಿಗೆ ಎದುರುಗಾಳಿ ಬೀಸಿದರೆ ಅದು ರೆಕ್ಕೆಯ ಹಾಗೆ ಮೇಲೆ ಎತ್ತಿ ಹಿಡಿಯುತ್ತದೆ. ಇದು ಗೊತ್ತಿದ್ದವರು ಅಮೆರಿಕದ ಓಕ್ಲಹೋಮಾದ ರಮೋನಾ ಎಂಬ ಪುಟ್ಟ ಊರಲ್ಲಿ, ಒಳ್ಳೆ ಗಾಳಿ ಬೀಸುವ ಬಯಲಲ್ಲಿ ಎಸೆತದ ಮೈದಾನ ಮಾಡಿದರು. ಗಂಡಸರ ಡಿಸ್ಕಸ್ ದಾಖಲೆ 1986ರಿಂದ 74.08 ಮೀಟರಿನಲ್ಲಿ ಅಲ್ಲಾಡದೆ ಕೂತಿತ್ತು. ಲಿಥುವೇನಿಯಾದ ಮಿಕೊಲಾಸ್ ಅಲೆಕ್ನಾ 2024ರ ಏಪ್ರಿಲ್‌ನಲ್ಲಿ ಅಲ್ಲಿಗೆ ಬಂದು 74.35 ಎಸೆದರು. ಮರುವರ್ಷ ಅಲ್ಲಿಗೇ ಮತ್ತೆ ಬಂದು 75.56.

ಹುಡುಗನ ತಪ್ಪೇನೂ ಇಲ್ಲ, ಅದ್ಭುತ ಎಸೆತಗಾರ. ಎಲ್ಲಿ ಎಸೆಯಬೇಕು ಎಂದು ತಿಳಿಯುವುದೂ ವಿದ್ಯೆಯೇ. ಆದರೆ ಲೆಕ್ಕ ನೋಡಿ. ಭರ್ಜಿಯ ಬಾಲ ಸ್ವಲ್ಪ ಒರಟಾದರೆ ಮೋಸ. ಇಡೀ ವಾತಾವರಣ ಸಹಾಯಕ್ಕೆ ಬಂದರೆ ವಿಶ್ವದಾಖಲೆ. ಅಂದಹಾಗೆ ಡಿಸ್ಕಸ್‌ನಲ್ಲಿ ಹೆಂಗಸರ ದಾಖಲೆ 76.80 ಮೀಟರ್, ಗಂಡಸರದಕ್ಕಿಂತ ಜಾಸ್ತಿ. ಅವರ ಡಿಸ್ಕಸ್ 1 ಕಿಲೋ, ಇವರದು 2 ಕಿಲೋ. ಗಂಡಸರು ಈ ವಿಷಯ ಬಂದಾಗ ತೂಕದ ಮಾತನ್ನೇ ಮೊದಲು ಎತ್ತುತ್ತಾರೆ.

ಕಲ್ಲು ಎಸೆಯುವುದರಲ್ಲಾದರೂ ನೆಮ್ಮದಿ ಇರಬಹುದು ಅಂದುಕೊಂಡರೆ ಅದೂ ಇಲ್ಲ. ಸ್ಕಾಟ್ಲೆಂಡಿನ ಈಸ್‌ಡೇಲ್ ದ್ವೀಪದಲ್ಲಿ, ನೀರು ತುಂಬಿದ ಹಳೇ ಕಲ್ಲುಗಣಿಯಲ್ಲಿ, ನೀರಿನ ಮೇಲೆ ಕಲ್ಲು ಪುಟಿಸುವ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತದೆ. ಎಷ್ಟು ಸಲ ಪುಟಿಯಿತು ಎಂಬುದಕ್ಕಿಂತ ಎಷ್ಟು ದೂರ ಹೋಯಿತು ಎಂಬುದು ಮುಖ್ಯ. ಕಲ್ಲು ಅದೇ ದ್ವೀಪದ್ದಾಗಿರಬೇಕು, ತಾನಾಗಿಯೇ ಆ ಆಕಾರಕ್ಕೆ ಬಂದಿರಬೇಕು, ಅಳತೆಯ ಬಳೆಯೊಳಗೆ ತೂರಬೇಕು. 2025ರಲ್ಲಿ ಕೆಲವರ ಕಲ್ಲುಗಳು ಅನುಮಾನ ಬರುವಷ್ಟು ದುಂಡಗಿದ್ದವು. ವಿಚಾರಣೆ ನಡೆಯಿತು. ಕಲ್ಲು ಉಜ್ಜಿ ತಂದವರು ಒಪ್ಪಿಕೊಂಡು ಕ್ಷಮೆ ಕೇಳಿದರು, ಸ್ಪರ್ಧೆಯಿಂದ ಹೊರಬಿದ್ದರು. ಪ್ರಪಂಚದ ಪತ್ರಿಕೆಗಳೆಲ್ಲ ಬರೆದವು. ಯಾರಿಗೂ ಕಾಣದ ಹಾಗೆ ಕೂತು ಕಲ್ಲು ಉಜ್ಜುತ್ತಿರುವ ಒಬ್ಬ ದೊಡ್ಡ ಮನುಷ್ಯನನ್ನು ಕಲ್ಪಿಸಿಕೊಳ್ಳಿ. ಅವನಿಗೆ ಸಂಸಾರವೂ ಇರಬಹುದು.

ಅಳತೆಗೆ ಸಿಗದೆ ತಪ್ಪಿಸಿಕೊಳ್ಳುವ ಕಲೆಯಲ್ಲಿ ಮಾತ್ರ ರಾಜಕಾರಣಿಗಳನ್ನು ಯಾರೂ ಮೀರಿಸಲಾರರು. ಜಾರ್ಜ್ ವಾಷಿಂಗ್ಟನ್ ಹುಡುಗನಾಗಿದ್ದಾಗ ವರ್ಜೀನಿಯಾದ ರಾಪಹಾನಕ್ ನದಿಯ ಆಚೆ ದಡಕ್ಕೆ ಬೆಳ್ಳಿ ಡಾಲರ್ ಎಸೆದಿದ್ದರಂತೆ. ಆಗ ಅಮೆರಿಕ ಎಂಬ ದೇಶ ಇರಲಿಲ್ಲ, ಅದರ ಬೆಳ್ಳಿ ಡಾಲರ್ ಮೊದಲು ಟಂಕವಾದದ್ದು 1794ರಲ್ಲಿ. ಇರಲಿ, ದಂತಕಥೆಗೆ ಚಿಲ್ಲರೆ ಕೇಳಬಾರದು. 1936ರಲ್ಲಿ, ವಾಷಿಂಗ್ಟನ್ ಹುಟ್ಟುಹಬ್ಬದ ದಿನ, ನಿವೃತ್ತ ಬೇಸ್‌ಬಾಲ್ ಆಟಗಾರ ವಾಲ್ಟರ್ ಜಾನ್ಸನ್ ಅದನ್ನು ಮಾಡಿ ತೋರಿಸಲು ಹೊರಟರು. ಆಗದ ಕೆಲಸ ಎಂದು ಸೋಲ್ ಬ್ಲೂಮ್ ಎಂಬ ಸಂಸದರು ಒಂದಕ್ಕೆ ಇಪ್ಪತ್ತರ ಲೆಕ್ಕದಲ್ಲಿ ಬಾಜಿ ಕಟ್ಟಲು ಮುಂದೆ ಬಂದರು. ಜಾನ್ಸನ್ ಕೊರೆಯುವ ಚಳಿಯಲ್ಲಿ ನಿಂತು ಡಾಲರನ್ನು ಆಚೆ ದಡ ಮುಟ್ಟಿಸಿದರು. ಸಂಸದರ ಉತ್ತರ: ವಾಷಿಂಗ್ಟನ್ ಕಾಲದಲ್ಲಿ ನದಿ ಇನ್ನೂ ಅಗಲವಿತ್ತು, ಹಾಗಾಗಿ ಇದು ಲೆಕ್ಕಕ್ಕಿಲ್ಲ! ಭರ್ಜಿಯವರಾದರೂ ಭರ್ಜಿಯನ್ನಷ್ಟೇ ಬದಲಿಸಿದರು. ಇವರು ನದಿಯನ್ನೇ ಬದಲಿಸಿದರು.

2008ರಲ್ಲಿ ಬಾಗ್ದಾದಿನ ಪತ್ರಿಕಾಗೋಷ್ಠಿಯಲ್ಲಿ ಜಾರ್ಜ್ ಬುಷ್ ಕಡೆಗೆ ಒಬ್ಬ ಪತ್ರಕರ್ತ ಎರಡೂ ಬೂಟು ಎಸೆದದ್ದು ನೆನಪಿದೆಯಾ? ಎಸೆತ ಕೆಲವೇ ಮೀಟರ್, ಎರಡೂ ಗುರಿ ತಪ್ಪಿದವು. ಅಷ್ಟು ದೂರ ಹೋದ ಬೂಟು ಇತಿಹಾಸದಲ್ಲೇ ಇನ್ನೊಂದಿಲ್ಲ. ಟೇಪು ಹಿಡಿದವರಿಗೆ ಇದು ಅರ್ಥವಾಗುವುದಿಲ್ಲ, ಬಿಡಿ.

ಇನ್ನು ಉಳಿದದ್ದು ಚಂದ್ರ. 1971ರ ಫೆಬ್ರವರಿಯಲ್ಲಿ ಅಪೊಲೊ 14ರ ಅಲನ್ ಶೆಪರ್ಡ್ ಅಲ್ಲಿ ಎರಡು ಗಾಲ್ಫ್ ಚೆಂಡು ಹೊಡೆದು, ಎರಡನೆಯದು ಮೈಲಿಗಟ್ಟಲೆ ಹೋಯಿತು ಎಂದು ಘೋಷಿಸಿದರು. ಐವತ್ತು ವರ್ಷದ ಮೇಲೆ ಹಳೇ ಚಿತ್ರಗಳನ್ನು ತಿದ್ದಿ ತೀಡಿ ಅಳೆದವರಿಗೆ ಸಿಕ್ಕಿದ್ದು 40 ಗಜ. ಜೊತೆಗಿದ್ದ ಎಡ್ಗರ್ ಮಿಚೆಲ್ ಒಂದು ಪ್ರಯೋಗದ ಸಲಾಕೆಯನ್ನು ಭರ್ಜಿಯ ಹಾಗೆ ಎಸೆದಿದ್ದರು. ಅದು ಇನ್ನೊಂದು ಚೆಂಡಿನ ಪಕ್ಕ ಬಿದ್ದಿರುವುದು ಚಿತ್ರದಲ್ಲಿ ಕಾಣುತ್ತದೆ.

ಉಬ್ಬಿದ ಸೂಟಿನೊಳಗೆ ಕೈ ಎತ್ತಲೂ ಆಗದೆ ಎಸೆದದ್ದು ಅದು. ಮುಂದೆ ಒಳ್ಳೆ ಸೂಟು ಬರುತ್ತದೆ, ಒಳ್ಳೆ ಭುಜದವರು ಹೋಗುತ್ತಾರೆ. ಅಲ್ಲಿನ ಗುರುತ್ವ ಇಲ್ಲಿಯದರ ಆರನೇ ಒಂದು ಭಾಗ. ಗಾಳಿ ಇಲ್ಲವೇ ಇಲ್ಲ, ಹಾಗಾಗಿ ಭಾರಕೇಂದ್ರವನ್ನು ಎಷ್ಟು ಮುಂದಕ್ಕೆ ತಳ್ಳಿದರೂ ಭರ್ಜಿಯ ದೂರ ಒಂದಿಂಚೂ ಕಡಿಮೆಯಾಗುವುದಿಲ್ಲ. ಬಾಲ ಒರಟೋ ನುಣುಪೋ ಎಂಬ ತನಿಖೆಯೂ ಉಪಯೋಗಕ್ಕೆ ಬಾರದು. ನಿಯಮ ಮಾಡುವ ಹಿರಿಯರಿಗೆ ಉಳಿಯುವುದು ಒಂದೇ ದಾರಿ: ಚಂದ್ರನ ತೂಕ ಹೆಚ್ಚಿಸುವುದು. ಕಡತ ಆಗಲೇ ಹೊರಟಿದ್ದರೂ ಆಶ್ಚರ್ಯವಿಲ್ಲ.