ಪತೀತ್ ಮೊಂತೆ

ಫ್ರಾನ್ಸಿನ ಲಿಯೋನ್ ಊರಿನ ಉತ್ತರಕ್ಕೆ, ಬೋಜೋಲೇ ಬೆಟ್ಟಸಾಲಿನ ದ್ರಾಕ್ಷಿತೋಟಗಳಲ್ಲಿ ಐದು ದಿನ ಸೈಕಲ್ ಪ್ರವಾಸ ಎಂದು ಓದಿದಾಗ ನನ್ನ ಕಣ್ಣಿಗೆ ಬಿದ್ದದ್ದು ದ್ರಾಕ್ಷಿ ಮಾತ್ರ. ಬೆಟ್ಟ ಬೀಳಲಿಲ್ಲ. ಹೆಂಡತಿ ಜಾಣೆ, ಬ್ಯಾಟರಿ ಸೈಕಲ್ ತೆಗೆದುಕೊಂಡಳು. ನಾನು ಮೈಸೂರಿನವನು, ಕಾಲೇಜಿನಲ್ಲಿದ್ದಾಗ ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿದವನು. ಆ ಕಾಲೇಜು ಬಿಟ್ಟು ಮೂವತ್ತು ವರ್ಷವಾಗಿದೆ ಎಂಬುದನ್ನು ಮೊಣಕಾಲು ಮೊದಲ ದಿನವೇ ನೆನಪಿಸಿತು.

ನಮ್ಮ ಗೈಡ್‌ಗೆ ಒಂದು ಚಟ. ಪ್ರತಿ ತಿರುವಿನಲ್ಲೂ "ಪತೀತ್ ಮೊಂತೆ!" ಎನ್ನುತ್ತಿದ್ದ. ಸಣ್ಣ ಏರು ಅಂತ ಅರ್ಥ. ನಮ್ಮ ಹಳ್ಳಿಯವರು "ಇಲ್ಲೇ, ಕೂಗಳತೆ" ಎಂದು ಮೂರು ಮೈಲಿ ನಡೆಸುತ್ತಾರಲ್ಲ, ಅದೇ ಜಾತಿ. ಹೆಂಡತಿ ಮುಂದಿನ ತಿರುವಿನಿಂದ "ರೀ, ಬೇಗ ಬನ್ನೀ" ಎಂದು ಕರೆಯುತ್ತಿದ್ದಳು. ದಮ್ಮಿದ್ದರೆ ಉತ್ತರ ಕೊಡುತ್ತಿದ್ದೆ.

ಎರಡನೇ ದಿನ ಮಾರ್ಗೋನ್ ಹತ್ತಿರ ತೋಟವೊಂದರ ಮುಂದೆ ಎಲ್ಲರೂ ನಿಂತರು. ನಾನೂ ನಿಂತೆ. ಆದರೆ ಪೆಡಲ್‌ಗೆ ಸಿಕ್ಕಿಸುವ ಸೈಕಲ್ ಬೂಟು, ಬಿಡಿಸಿಕೊಳ್ಳಲು ಮರೆತು, ಕಚ್ಚಿಕೊಂಡೇ ಇತ್ತು. ಸೈಕಲ್ ಸಮೇತ ನಿಧಾನವಾಗಿ, ಬುಡ ಕಡಿದ ಬಾಳೆಗಿಡದಂತೆ, ಬಲಕ್ಕೆ ವಾಲಿದೆ. ದೊಡ್ಡಬಳ್ಳಾಪುರದ ಕಡೆಯಂತೆ ಚಪ್ಪರ ಇದ್ದಿದ್ದರೆ ಕಂಬವನ್ನಾದರೂ ಹಿಡಿಯಬಹುದಿತ್ತು. ಇಲ್ಲಿ ಹಳೆಯ ಬಳ್ಳಿಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಪೊದೆ ಮಾಡಿಬಿಟ್ಟಿರುತ್ತಾರೆ. ಪತೀತ್ ಎಂದು ಕೇಳೀ ಕೇಳೀ ಕೊನೆಗೆ ನಾನೇ ಪತಿತನಾದೆ.

ಗೈಡ್ ನನ್ನನ್ನು ಎತ್ತುವ ಬದಲು ಪಾಠ ಶುರು ಮಾಡಿದ. ಇದು ಗಮೇ ಎಂಬ ತಳಿ. ಬರ್ಗಂಡಿಯ ದೊರೆ ಫಿಲಿಪ್ 1395ರಲ್ಲಿ ಇದನ್ನು ತನ್ನ ಸೀಮೆಯಿಂದ ಕಿತ್ತುಹಾಕಿ ಎಂದು ಆಜ್ಞೆ ಹೊರಡಿಸಿದ್ದ. ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡೆ. ಪಕ್ಕದ ಬಳ್ಳಿಯ ಮೇಲೆ ಸುಮ್ನೆ ಒಂಥರಾ ಮಮತೆ ಹುಟ್ಟಿತು.

ಮೂರನೇ ದಿನ ಬ್ರೂಯಿ ಬೆಟ್ಟ. ಸಮುದ್ರಮಟ್ಟದಿಂದ ಐನೂರು ಮೀಟರ್ ಕೂಡ ಇಲ್ಲ, ಹತ್ತುವಾಗ ಮಾತ್ರ ಹಿಮಾಲಯ. ನೆತ್ತಿಯ ಮೇಲೆ ದ್ರಾಕ್ಷಿ ಮಾತೆಯ, ಅಂದರೆ ಮೇರಿ ಮಾತೆಯ, ಗುಡಿ. 19ನೇ ಶತಮಾನದಲ್ಲಿ ಬಳ್ಳಿಗಳಿಗೆ ಬೂದಿರೋಗ ಬಂದಾಗ ರೈತರು ಕಟ್ಟಿಸಿದ್ದು. ನಾನೂ ಕೈ ಮುಗಿದೆ, ಮೊಣಕಾಲಿನ ಹೆಸರಲ್ಲಿ. ಇಳಿದು ಹಳ್ಳಿ ಸೇರುವಷ್ಟರಲ್ಲಿ ಎರಡೂಕಾಲು. ಅಲ್ಲಿ ಎರಡಾದರೆ ಅಡುಗೆಮನೆ ಬಂದ್. ಬರೀ ಬ್ರೆಡ್ಡು, ಚೀಸು. ಬ್ಯಾಗಿನಲ್ಲಿದ್ದ ಚಟ್ನಿಪುಡಿ ಮಾನ ಕಾಯಿತು.

ಸಂಜೆ ನೆಲಮಾಳಿಗೆಯಲ್ಲಿ ವೈನ್ ರುಚಿ. ಇಷ್ಟೆಲ್ಲ ತುಳಿದದ್ದಕ್ಕೆ ದೊಡ್ಡ ಗ್ಲಾಸು ಕೊಟ್ಟರು, ತಳದಲ್ಲಿ ತೀರ್ಥದಷ್ಟು ವೈನ್! ಆ ಐದು ದಿನಗಳಲ್ಲಿ ನಾನು ಕಂಡ ನಿಜವಾದ ಪತೀತ್ ಅದೊಂದೇ. ಅದನ್ನೂ ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳಬೇಕಂತೆ. ಇಲ್ಲಿ ಕುಡಿದು ಸೈಕಲ್ ತುಳಿದರೂ ದಂಡ ಹಾಕುತ್ತಾರೆ ಎಂದ ಗೈಡ್. ತೀರ್ಥ ಉಗುಳುವುದನ್ನು ನನ್ನಮ್ಮ ಕಲಿಸಿರಲಿಲ್ಲ. ನುಂಗಿದೆ.

"ಹೋಟೆಲ್ ಎಷ್ಟು ದೂರ?" ಎಂದು ಕೇಳಿದೆ.

ಅವನು ಬೆಟ್ಟದ ಕಡೆ ನೋಡಿ ನಕ್ಕ. ಉತ್ತರಕ್ಕೆ ಕಾಯದೆ ನಾನು ಇನ್ನೊಂದು ತೀರ್ಥಕ್ಕೆ ಕೈ ಚಾಚಿದೆ.